ಜೀಪಿನ ಹೊಟ್ಟೆಗೆ ಯಾವ ತಗಡು?

ಗಾಡಿಯ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕುಳಿತವನು ಯಾರ ಮನೆಯ ಸುದ್ದಿಯನ್ನೂ ಕೇಳಿ ತಿಳಿದುಕೊಳ್ಳಬೇಕಾಗಿಲ್ಲ. ಕೆಟ್ಟ ಗಾಡಿಯ ಹಿಂದೆ ಅದು ತಾನಾಗಿಯೇ ಬರುತ್ತದೆ. ಬಂದವರು ಮೊದಲು ಕ್ಲಚ್ ಪ್ಲೇಟಿನ ಬಗ್ಗೆ ಮಾತಾಡುತ್ತಾರೆ. ಚಾ ಬರುವಷ್ಟರಲ್ಲಿ ಮಾತು ಹೆಂಡತಿಯ ತಮ್ಮನಿಗೆ ಹೋಗಿರುತ್ತದೆ. ತೊಂಬತ್ತರ ದಶಕದಲ್ಲಿ ಶಿರಸಿಯಲ್ಲಿ ನಾನು ಇಂಥದೊಂದು ಅಂಗಡಿ ಇಟ್ಟುಕೊಂಡಿದ್ದೆ. ಈಗ ಹೇಳುತ್ತಿರುವುದು ಆಗಿನ ಒಂದೇ ಒಂದು ಜೀಪಿನ ವಿಷಯ. ಉಳಿದ ಗಾಡಿಗಳ ಯಜಮಾನರು ಸಮಾಧಾನವಾಗಿ ಓದಬಹುದು.

ಶರತ್ತು

ಹೆಗಡೆಕಟ್ಟಾದಿಂದ ಇನ್ನೂ ಆಚೆ ಇರುವ ಒಂದು ಹಳ್ಳಿಯಿಂದ ನನ್ನ ದೂರದ ನೆಂಟರೊಬ್ಬರು ಹಳೆಯ ಡೀಸೆಲ್ ಜೀಪಿನಲ್ಲಿ ಬರುತ್ತಿದ್ದರು. ಊರಿಗೆಲ್ಲ ಅವರು ಜೀಪಿನ ಯಜಮಾನರು, ನನಗೆ ಭಾವ. ಅವರ ಮನೆಗೆ ಹೋಗುವ ಕಚ್ಚಾ ರಸ್ತೆಯ ನಡುವೆ, ಒಂದು ತಿರುವು ದಾಟಿದೊಡನೆ, ನೆಲದಿಂದ ತಲೆ ಎತ್ತಿದ ಒಂದು ಕಲ್ಲು. ಕಲ್ಲು ಎಂದರೆ ಎತ್ತಿ ಪಕ್ಕಕ್ಕಿಡುವಂಥದ್ದಲ್ಲ. ಮೇಲೆ ಕಾಣುವುದು ಮೊಲದಷ್ಟು, ಒಳಗೆ ಎಷ್ಟಿದೆಯೋ ಭೂಮಿಗೇ ಗೊತ್ತು.

ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ತೊಟ್ಟಿಗೆ ನಮ್ಮ ಕಡೆಯ ಮೆಕ್ಯಾನಿಕ್ಕುಗಳು ಚೇಂಬರ್ ಎನ್ನುತ್ತಾರೆ. ಯಜಮಾನರ ಚೇಂಬರ್ ಒಮ್ಮೆ ಈ ಕಲ್ಲಿಗೆ ಬಡಿದು ಒಡೆಯಿತು. ಆಗ ಯಾರೂ ಏನೂ ಹೇಳಲಿಲ್ಲ. ಎರಡನೆಯ ಸಲ ಒಡೆಯುವಾಗ ಜೀಪಿನಲ್ಲಿ ಅವರ ಹೆಂಡತಿ, ಅಂದರೆ ನನಗೆ ಅತ್ತಿಗೆ, ಇದ್ದರು. ಯಲ್ಲಾಪುರದ ಮಾಗೋಡು ಕಡೆಯ ತವರಿನಲ್ಲಿ ಉಪನಯನ. ರೇಷ್ಮೆ ಸೀರೆ ಉಟ್ಟ ಅತ್ತಿಗೆ ಅಲ್ಲಿಗೆ ತಲುಪಿದ್ದು ಕೊನೆಯ ಪಂಕ್ತಿ ಎದ್ದಮೇಲೆ, ಜಲ್ಲಿ ಸಾಗಿಸುವ ಟ್ರ್ಯಾಕ್ಟರಿನಲ್ಲಿ ನಿಂತುಕೊಂಡು. ತವರಿನವರು ಸಂಭ್ರಮದಿಂದ ಎದುರು ಬಂದು ಸ್ವಾಗತಿಸಿದರಂತೆ. ಜಲ್ಲಿ ಬಂತು ಎಂದು ತಿಳಿದು.

ಮನೆಗೆ ಬಂದಮೇಲೆ ಅತ್ತಿಗೆ ಒಂದೇ ಮಾತು ಹೇಳಿದರು.

"ಇನ್ನೊಂದು ಸಲ ಚೇಂಬರ್ ಒಡದ್ರೆ ಜೀಪು ಮಾರವು."

ಮಾರವು ಎಂದರೆ ಮಾರಲೇಬೇಕು. ಯಜಮಾನರಿಗೆ ಆ ಜೀಪು ಎಂದರೆ ಪ್ರಾಣ. ಮಳೆ ಬಂದರೆ ಮೊದಲು ಜೀಪಿಗೆ ಟರ್ಪಾಲು ಹೊದೆಸಿ ಆಮೇಲೆ ಅಂಗಳದ ಬಟ್ಟೆ ತೆಗೆಯುವವರು. ಮರುದಿನ ಬೆಳಿಗ್ಗೆ ನನ್ನ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಜೀಪನ್ನು ಎಳೆಸಿಕೊಂಡು ಬಂದು ಮೆಟ್ಟಿಲ ಮೇಲೆ ಕುಳಿತಿದ್ದರು.

"ಚೇಂಬರಿನ ಅಡಿಗೆ ಒಂದು ಗಾರ್ಡ್ ಹಾಕ್ಸವು ಮಾರಾಯ. ಗಟ್ಟಿ ತಗಡಿಂದು. ಇಲ್ಲದಿದ್ರೆ ಇನ್ನೊಂದು ಕಲ್ಲಿಗೆ ಯನ್ನ ಸಂಸಾರ ಮುಗತ್ತು."

ಸಂಸಾರ ಎಂದದ್ದು ಜೀಪಿಗೆ.

ಅದು

ಗಾರ್ಡ್ ಮಾಡಬೇಕಾದವನು ನಮ್ಮ ಪಕ್ಕದ ವೆಲ್ಡಿಂಗ್ ಮೇಸ್ತ್ರಿ. ಹಾವೇರಿ ಕಡೆಯವನು. ಶಿರಸಿಗೆ ಬಂದು ಬಹಳ ವರ್ಷವಾಗಿದ್ದರೂ ನಮ್ಮ ಮನೆಮಾತಿನ ಒಂದು ಗುಟ್ಟು ಅವನಿಗೆ ತಿಳಿದಿರಲಿಲ್ಲ. ನಮ್ಮಲ್ಲಿ ಹೆಂಗಸರನ್ನು 'ಅವಳು' ಎನ್ನುವುದಿಲ್ಲ, 'ಅದು' ಎನ್ನುತ್ತೇವೆ. ಅಗೌರವವೇನಿಲ್ಲ, ಹಾಗೇ ರೂಢಿ. ಜೀಪಿಗೂ 'ಅದು' ಎಂದೇ ಹೇಳುತ್ತೇವೆ. ಸಾಮಾನ್ಯವಾಗಿ ಇದರಿಂದ ಯಾರಿಗೂ ತೊಂದರೆಯಾಗುವುದಿಲ್ಲ.

ಯಜಮಾನರು ಮೇಸ್ತ್ರಿಯ ಮುಂದೆ ಸ್ಟೂಲಿನ ಮೇಲೆ ಕುಳಿತು ನಿಟ್ಟುಸಿರು ಬಿಟ್ಟರು.

"ಅದು ಮೊದಲು ಹಿಂಗಿತ್ತಿಲ್ಲೆ. ನಿನ್ನೆಯಿಂದ ಭಾರೀ ಬಿಸಿ ಆಯ್ದು."

ಮೇಸ್ತ್ರಿ ಜೀಪಿನ ಕಡೆ ನೋಡಿದ. "ನೀರು ಹಾಕಿ ನೋಡಿದ್ರೇನ್ರಿ?"

"ನೀರು ಹಾಕಿದ್ರೆ ಆನು ಮನೆ ಬಿಟ್ಟು ಓಡವು ಅಷ್ಟೆ."

"ಹಳೇದಾತಲ್ರಿ. ಮಿಲಿಟರಿ ಮಾಲೇನ್ರಿ?"

"ಮಿಲಿಟರಿ ಎಂತಕ್ಕೆ? ಯಲ್ಲಾಪುರದ್ದು."

"ಹಂಗಾರ ಬಾಳ ಕೈ ಬದಲಾಗಿರಬೇಕು."

ಯಜಮಾನರು ಇದನ್ನು ಅದೃಷ್ಟವಶಾತ್ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ತಮ್ಮ ದುಃಖದಲ್ಲೇ ಇದ್ದರು. "ಬೆಳಿಗ್ಗೆ ಎದ್ದ ಕೂಡ್ಲೆ ಶಬ್ದ ಶುರು ಆಗ್ತು. ಸಂಜೆವರೆಗೂ ನಿಲ್ಲತ್ತಿಲ್ಲೆ."

"ಅದೇನ್ ದೊಡ್ಡದ್ರಿ? ಸೈಲೆನ್ಸರ್ ಹೋಗಿರಬೇಕು. ಹೊಸಾದು ಹಾಕಿದ್ರ ಮುಗೀತು."

ಯಜಮಾನರು ತಲೆ ಎತ್ತಿದರು. ಅವರ ಕಣ್ಣಿನಲ್ಲಿ ಬಹಳ ದಿನಗಳಿಂದ ಕಾಣದ ಒಂದು ಆಸೆ ಮೂಡಿತು.

"ಹಾಕುಲೆ ಬತ್ತಾ?"

ಭಟ್ಟರ ತೂಕ

ಗಾರ್ಡಿಗೆ ಸ್ಟೀಲೋ ಅಲ್ಯುಮಿನಿಯಮ್ಮೋ ಎಂಬ ಪ್ರಶ್ನೆ ನನ್ನ ಕೌಂಟರಿನ ಮೇಲೆ ಬಿದ್ದ ದಿನ ಅಲ್ಲಿ ಮೂರೂ ತಾಲೂಕಿನವರು ಇದ್ದರು.

ಶಿರಸಿಯವರು, "ಉಳಿದವರು ಎಂತ ಹಾಕ್ಸಿದ್ದ?" ಎಂದು ಕೇಳಿ, ಯಾರೂ ಏನೂ ಹಾಕಿಸಿಲ್ಲವೆಂದು ತಿಳಿದು, ಹಾಗಾದರೆ ಅಭಿಪ್ರಾಯ ಹೇಳಲು ಬರುವುದಿಲ್ಲವೆಂದರು. ಸಿದ್ದಾಪುರದವರು ತಮ್ಮ ಚಿಕ್ಕಪ್ಪನ ಷಡ್ಡಕನೊಬ್ಬ ಅಲ್ಯುಮಿನಿಯಂ ಹಾಕಿಸಿದ ಕಥೆಯನ್ನು ಆರಂಭಿಸಿದರು. ಕಥೆ ಷಡ್ಡಕನ ಮದುವೆಯಿಂದ ಶುರುವಾದ್ದರಿಂದ ಅಲ್ಯುಮಿನಿಯಂ ಬರುವ ಮೊದಲೇ ಅವರ ಬಸ್ಸು ಬಂತು. ಮರದ ನಾಟಾ ಸಾಗಿಸುವ ಯಲ್ಲಾಪುರದ ಲಾರಿ ಡ್ರೈವರು ಮಾತ್ರ ಒಂದೇ ಮಾತಿನಲ್ಲಿ ಮುಗಿಸಿದ: "ಸ್ಟೀಲು ಹಾಕಿ. ಬಗ್ಗಿದ್ರೆ ಬಡಿದು ನೆಟ್ಟಗೆ ಮಾಡಿ. ಅಲ್ಯುಮಿನಿಯಂ ಕಲ್ಲು ಕಂಡರೆ ಕಚ್ಚಿಕೊಂಡು ಕೂತ್ಕೊಳ್ತದೆ."

"ಅಲ್ಯುಮಿನಿಯಂ ಹಗುರ ಅಲ್ದಾ?" ಎಂದರು ಯಜಮಾನರು. "ತುಕ್ಕೂ ಹಿಡೀತಿಲ್ಲೆ. ಸ್ಟೀಲಿಂದು ಎಷ್ಟು ತೂಕ ಆಗ್ತು?"

ಮೇಸ್ತ್ರಿ ಸುತ್ತಮುತ್ತ ಕಣ್ಣಾಡಿಸಿದ. ಮೂಲೆಯಲ್ಲಿ ಹೆಡ್‌ಲೈಟಿನ ಬಲ್ಬು ಕೊಳ್ಳಲು ಬಂದ ಒಬ್ಬ ಪುರೋಹಿತ ಭಟ್ಟರು ಕುಳಿತಿದ್ದರು. ಮೇಸ್ತ್ರಿಗೆ ಉಪಮೆ ಸಿಕ್ಕಿತು.

"ಹೆಂಗ್ ಹೇಳ್ಲಿರಿ... ಸ್ಟೀಲಿಂದಂದ್ರ ತಿಥಿ ಊಟ ಉಂಡ ಭಟ್ಟರನ್ನ ಬಂಪರಿಗೆ ಕಟ್ಟಿದಂಗ್ರಿ. ಅಲ್ಯುಮಿನಿಯಮ್ದಂದ್ರ ಏಕಾದಶಿ ಭಟ್ಟರನ್ನ ಕಟ್ಟಿದಂಗ."

ಎಲ್ಲರೂ ಭಟ್ಟರ ಮುಖ ನೋಡಿದರು. ಭಟ್ಟರು ಬಲ್ಬನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಲೇ ಶಾಂತವಾಗಿ ಹೇಳಿದರು:

"ಹಂಗಾದ್ರೆ ಎರಡೂ ಒಂದೇ ತೂಕ. ಏಕಾದಶಿಯ ಫಲಾಹಾರ ನೀನು ನೋಡಿದ್ದಿಲ್ಲೆ."

ಅಡಿಗೆ ಸ್ಟೀಲು

ಕೊನೆಗೆ ಸ್ಟೀಲೇ ಆಗಲಿ ಎಂದು ತೀರ್ಮಾನವಾಯಿತು. ಆದರೆ ಬೇಕಾದಷ್ಟು ದಪ್ಪದ ತಗಡು ಶಿರಸಿಯಲ್ಲಿ ಸಿಗಲಿಲ್ಲ. ಯಜಮಾನರ ಹೆಂಡತಿಯ ತಮ್ಮ, ಅಂದರೆ ಯಲ್ಲಾಪುರದ ಭಾವ, ಕೆಲಸದ ಮೇಲೆ ಆಗಾಗ ಹುಬ್ಬಳ್ಳಿಗೆ ಹೋಗುತ್ತಿದ್ದ. ಅವನಿಗೆ ಹೇಳಿದರೆ ತರುತ್ತಾನೆ ಎಂದು ಯಜಮಾನರು ನನ್ನ ಅಂಗಡಿಯ ಫೋನು ಹಿಡಿದರು. ಆಗಿನ ಫೋನಿನಲ್ಲಿ ಯಲ್ಲಾಪುರಕ್ಕೆ ಮಾತಾಡುವುದೆಂದರೆ, ಕಿಟಕಿಯಲ್ಲಿ ನಿಂತು ಕೂಗಿದ್ದಕ್ಕೆ ಫೋನು ಒಂದಿಷ್ಟು ಸಹಾಯ ಮಾಡುತ್ತಿತ್ತು ಅಷ್ಟೆ.

"ಭಾವಾ! ಹುಬ್ಬಳ್ಳಿಗೆ ಹೋದವ ಅಡಿಗೆ ಸ್ಟೀಲು ತಗಂಬಾ! ಹಾಂ, ಸ್ಟೀಲು! ಅಲ್ಯುಮಿನಿಯಂ ಬ್ಯಾಡ! ತೆಳೂದು ತರಡ, ಗಟ್ಟಿ ಇರವು! ಅಗಲ ಆಗವು! ಕಲ್ಲಿಗೆ ಬಡದ್ರೂ ನೆಗ್ಗುಲಾಗ! ಆಂ? ಅಕ್ಕಂಗೇ ತರ್ತಾ ಇದ್ದೆ ಹೇಳಿ ತಿಳ್ಕ. ಚೊಲೋದು ಇಲ್ದಿದ್ರೆ ಅದು ಯನ್ನ ಬಿಡ್ತಿಲ್ಲೆ!"

ಅಡಿಗೆ ಎಂದರೆ ಯಜಮಾನರ ಪಾಲಿಗೆ ಜೀಪಿನ ಅಡಿಗೆ, ತಳಕ್ಕೆ. ಅಡಿಗೆ ಎಂದರೆ ಪ್ರಪಂಚದ ಉಳಿದೆಲ್ಲರಿಗೂ ಅಡಿಗೆ.

ಮುಂದಿನ ವಾರ ಹುಬ್ಬಳ್ಳಿ ಬಸ್ಸಿನ ಟಾಪಿನಿಂದ ಯಲ್ಲಾಪುರದ ಭಾವ ಇಳಿಸಿದ್ದು ಒಂದು ಸ್ಟೀಲಿನ ತಪ್ಪಲೆ. ಮನೆಯ ಕೊನೆಯ ಮದುವೆಯವರೆಗೂ ಸಾಲುವಂಥದ್ದು. ಎರಡು ಕಿವಿ, ಒಂದು ಮುಚ್ಚಳ. ಭಾವ ಅಂಗಡಿಯ ಮುಂದೆ ಅದನ್ನು ಬೆರಳಿನಿಂದ ಬಾರಿಸಿ ತೋರಿಸಿದ.

"ಗಟ್ಟಿ ಇದ್ದು ನೋಡು ಭಾವ. ಕಲ್ಲಿಗೆ ಬಡದ್ರೂ ಎಂತ ಆಗ್ತಿಲ್ಲೆ. ಅಂಗಡಿಯವನ ಎದುರಿಗೇ ಬಡದು ನೋಡಿದ್ದೆ. ಅಂವ ಬೈದ."

ಯಜಮಾನರು ಮುಚ್ಚಳ ಎತ್ತಿ ಒಳಗೆ ಇಣುಕಿದರು. ತಪ್ಪಲೆ ಮನೆಗೆ ಹೋಯಿತು. ಅಲ್ಲಿ ಅತ್ತಿಗೆ ಅದನ್ನು ಸೆರಗಿನಿಂದ ಒರೆಸಿ ಒರೆಸಿ ಇಟ್ಟರಂತೆ. ಮದುವೆಯಾದಾಗಿನಿಂದ ಗಂಡ ತಾನಾಗಿ ನೆನಪಿಟ್ಟು ತರಿಸಿದ ಮೊದಲ ಪಾತ್ರೆ. ಆ ದಿನ ಯಜಮಾನರಿಗೆ ಎರಡು ಸಲ ಪಾಯಸ ಬಿತ್ತು. ಇಂಥ ಹೊತ್ತಿನಲ್ಲಿ, ಇದು ನಿನಗಲ್ಲ, ಜೀಪಿಗೆ ಹೇಳಿದ್ದು, ಎನ್ನುವ ಗಂಡಸು ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಎರಡು ದಿನ ಬಿಟ್ಟು ಅವರು ಅಂಗಡಿಗೆ ಬಂದು ಮೆಲ್ಲಗೆ ಮೇಸ್ತ್ರಿಯನ್ನು ಕೇಳಿದರು: "ತಪ್ಪಲೆ ಇನ್ನು ಕೇಳುಲಾಗ. ಮುಚ್ಚಳ ಒಂದನ್ನ ಹೆಂಗಾದ್ರೂ ಮಾಡಿ ತಪ್ಪಿಸಿ ತಂದ್ರೆ, ಚೇಂಬರಿಗೆ ಸಾಕಾಗ್ತಾ?"

ಜೀಪು ಹುಳಿ ತಿನ್ನುವುದಿಲ್ಲ

ತನ್ನಿಂದ ತಪ್ಪಾಯಿತೆಂದು ತಿಳಿದ ಯಲ್ಲಾಪುರದ ಭಾವ ಪ್ರಾಯಶ್ಚಿತ್ತಕ್ಕಾಗಿ, ಇನ್ನು ಸ್ಟೀಲಿನ ಸಹವಾಸವೇ ಬೇಡವೆಂದು, ಈ ಸಲ ಒಂದು ಅಲ್ಯುಮಿನಿಯಂ ತಗಡನ್ನೇ ತಂದ. ಹಳೆಯ ಬಸ್ಸೊಂದರ ನೆಲಕ್ಕೆ ಹಾಸಿದ್ದ, ಚುಕ್ಕಿ ಚುಕ್ಕಿ ಉಬ್ಬಿರುವ ದಪ್ಪ ತಗಡು. ನಮ್ಮ ಮೇಸ್ತ್ರಿಗೆ ಅಲ್ಯುಮಿನಿಯಂ ವೆಲ್ಡಿಂಗ್ ಬರುತ್ತಿರಲಿಲ್ಲ. ಆದ್ದರಿಂದ ಬಗ್ಗಿಸಿ ಬೋಲ್ಟು ಹಾಕಿ ಕೂರಿಸಿದ. ಹಗುರವಾಗಿತ್ತು, ಹೊಳೆಯುತ್ತಿತ್ತು. ಯಜಮಾನರು ಮನೆಗೆ ಬಂದವರನ್ನೆಲ್ಲ ಅಂಗಳದಲ್ಲಿ ಮಲಗಿಸಿ ಜೀಪಿನ ಅಡಿಯ ದರ್ಶನ ಮಾಡಿಸಿದರು.

ಅತ್ತಿಗೆ ಮಲಗಲಿಲ್ಲ. ನಿಂತಲ್ಲಿಂದಲೇ ಬಗ್ಗಿ ನೋಡಿ, "ಅಲ್ಯುಮಿನಿಯಮ್ಮಾ? ಹುಳಿಗೆ ಆಗ್ತಿಲ್ಲೆ ಅದು," ಎಂದರು.

"ಜೀಪು ಹುಳಿ ತಿಂತಿಲ್ಲೆ," ಎಂದರು ಯಜಮಾನರು. ಆ ಮನೆಯಲ್ಲಿ ಅವರು ಗೆದ್ದ ಮಾತು ಅಪರೂಪ. ಆದ್ದರಿಂದ ಅದನ್ನು ಶಿರಸಿಗೆ ಬಂದು ನಮಗೆಲ್ಲ ಹೇಳಿ ನಗಿಸಿದರು.

ಆ ವರ್ಷ ನಮ್ಮ ಕಡೆ ಉಪ್ಪಾಗೆಗೆ ಇದ್ದಕ್ಕಿದ್ದಂತೆ ಬೇಡಿಕೆ ಬಂದಿತ್ತು. ಕಾಡಿನಲ್ಲಿ ಬಿದ್ದು ಕೊಳೆಯುತ್ತಿದ್ದ ಹುಳಿ ಕಾಯಿಯ ಸಿಪ್ಪೆ ಯಾವುದೋ ದೇಶದಲ್ಲಿ ದಪ್ಪಗಾದವರನ್ನು ತೆಳ್ಳಗೆ ಮಾಡುತ್ತದಂತೆ ಎಂಬ ಸುದ್ದಿ. ಊರಿಗೆ ಊರೇ ಕಾಡು ಹೊಕ್ಕಿತು. ಬೇಸಿಗೆಯ ಕೊನೆಗೆ ಉಪ್ಪು ಬೆರೆಸಿದ ಮುರುಗಲು ಹಣ್ಣಿನ ಹುಳಿ ಸಿಪ್ಪೆ, ಮಳೆಗಾಲವಿಡೀ ಹಸಿ ಉಪ್ಪಾಗೆ, ಎಲ್ಲದಕ್ಕೂ ಯಜಮಾನರ ಜೀಪೇ ಗತಿ. ಚೀಲದ ರಸ ಜೀಪಿನ ನೆಲದ ತೂತಿನಿಂದ ಸೋರಿ, ಅಡಿಯ ಗಾರ್ಡಿನ ಮೇಲೆ ಕೆರೆಯಂತೆ ನಿಲ್ಲುತ್ತಿತ್ತು.

ಮಳೆ ಮುಗಿದಮೇಲೆ ಮೇಸ್ತ್ರಿ ಗಾರ್ಡ್ ಬಿಚ್ಚಿ, ಸೂರ್ಯನಿಗೆ ಅಡ್ಡ ಹಿಡಿದು ನೋಡಿದ. ತೆಳ್ಳೇವು ದೋಸೆಯಂತೆ ಮೈಯೆಲ್ಲ ಕಣ್ಣು ಕಣ್ಣು. ನೆಲದ ಮೇಲೆ ಬೆಳಕಿನ ಚುಕ್ಕಿ ಬಿದ್ದಿತ್ತು.

"ಇದನ್ನ ಗಾರ್ಡ್ ಅಂತೀರೋ, ಜರಡಿ ಅಂತೀರೋ ಯಜಮಾನ್ರ?"

ಚೇಂಬರ್ ಒಡೆಯುವ ಮೊದಲೇ ಕಣ್ಣಿಗೆ ಬಿದ್ದದ್ದು ಪುಣ್ಯ. ಯಜಮಾನರು ವಿಷಯವನ್ನು ಮನೆಯಲ್ಲಿ ಹೇಳಬಾರದೆಂದು ನಮ್ಮಿಂದ ಮಾತು ತೆಗೆದುಕೊಂಡರು. ಆದರೆ ಜರಡಿ ಜೀಪಿನ ಹಿಂದಿನ ಸೀಟಿನಲ್ಲೇ ಉಳಿದಿತ್ತು. ಅತ್ತಿಗೆ ಅದನ್ನು ಎತ್ತಿ ನೋಡಿ, ಏನೂ ಬೈಯದೆ, ಊಟಕ್ಕೆ ಬಡಿಸುತ್ತ ಕೇಳಿದರಂತೆ:

"ಅಪ್ಪೆಹುಳಿ ನಿಂಗಕ್ಕೆ ಬಡಿಸಲೋ, ಮೊದಲು ಜೀಪಿಗೇ ಹಾಕಲೋ?"

ಶಬ್ದ

ಕಡೆಗೆ ಕಪ್ಪು ಕಬ್ಬಿಣದ ದಪ್ಪ ತಗಡು ಬಂತು. ಮೇಸ್ತ್ರಿಯ ಭಾಷೆಯಲ್ಲಿ ಅದೇ ನಿಜವಾದ ಸ್ಟೀಲಂತೆ, ಹೊಳೆಯುವುದೆಲ್ಲ ಪಾತ್ರೆ. ಕೆಂಪು ಬಣ್ಣ ಬಳಿದು ಕೂರಿಸಿದಾಗ ಜೀಪಿನ ಮೂತಿ ಸ್ವಲ್ಪ ಕೆಳಗೆ ಇಳಿಯಿತು. ಅಲ್ಲಿಂದ ಮುಂದೆ ಆ ಜೀಪು ಎದುರಿಗೆ ಬಂದವರಿಗೆಲ್ಲ ನಮಸ್ಕಾರ ಮಾಡುತ್ತಲೇ ಹೋಗುವಂತೆ ಕಾಣುತ್ತಿತ್ತು.

ಗಾರ್ಡ್ ಮಾತ್ರ ಗಟ್ಟಿ. ಯಜಮಾನರು ಕಲ್ಲನ್ನು ತಪ್ಪಿಸುವುದನ್ನೇ ಬಿಟ್ಟರು. ಬೇಕೆಂದೇ ಅದರ ಮೇಲೆ ಹತ್ತಿಸುತ್ತಿದ್ದರು. ಠಣ್ ಎಂದು ಒಂದು ಶಬ್ದ, ಅಷ್ಟೆ. ಚೇಂಬರಿಗೆ ಏನೂ ಇಲ್ಲ. ಶಬ್ದ ದೇವಸ್ಥಾನದ ಗಂಟೆಯಂತೆ ಕೇರಿಯ ತುದಿಯವರೆಗೂ ಕೇಳುತ್ತಿತ್ತು. ಅತ್ತಿಗೆ ಅದನ್ನು ಕೇಳಿ ಚಾಕ್ಕೆ ನೀರಿಡುತ್ತಿದ್ದರು. ಗಂಡ ಕೈಕಾಲು ತೊಳೆದು ಬರುವಾಗ ಚಾ ಸಿದ್ಧ. ಇದಕ್ಕಿಂತ ಸುಖ ಏನಿದೆ?

ಒಂದು ದಿನ ಮಧ್ಯಾಹ್ನ ಠಣ್ ಎಂದಿತು. ಚಾ ಕುದಿಯಿತು, ಆರಿತು. ಯಜಮಾನರು ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಂದು, "ಶಿರಸಿಲಿ ಸೊಸೈಟಿ ಮೀಟಿಂಗು. ಈಗ ಬಿಟ್ಟ," ಎಂದರು.

"ಹೌದಾ? ಮಧ್ಯಾಹ್ನ ಇಲ್ಲಿ ಕಲ್ಲು ಹೊಡದ್ದು ಯಾರು? ಮೀಟಿಂಗು ಪಕ್ಕದಮನೆ ಜಗಲಿ ಮೇಲೆ ಇತ್ತಾ? ಇಸ್ಪೀಟು ಯಾರ್ ಹಂಚಿದ್ದ, ಅಧ್ಯಕ್ಷರಾ?"

ಮರುದಿನ ಯಜಮಾನರು ಮೇಸ್ತ್ರಿಯ ಹತ್ತಿರ ಬಂದು, ಯಾರೂ ಇಲ್ಲದ್ದನ್ನು ನೋಡಿ ಕೇಳಿದರು: "ಇಷ್ಟೇ ಗಟ್ಟಿ ಇರವು, ಆದ್ರೆ ಶಬ್ದ ಮಾಡುಲಾಗ. ಅಂಥ ಕಬ್ಬಿಣ ಇದ್ದಾ?"

"ಐತ್ರಿ, ಅಲ್ಯುಮಿನಿಯಂ," ಎಂದ ಮೇಸ್ತ್ರಿ. "ಉಪ್ಪಾಗೆ ಒಯ್ಯೂದು ಬಿಡ್ತೀರೇನು?"

ಮೂರನೆಯ ಸಲ

ಗಾರ್ಡ್ ಬಂದಮೇಲೆ ಅತ್ತಿಗೆಗೆ ಒಂದು ಯೋಚನೆ ಬಂತು. ಗಂಡ ಜೀಪನ್ನು ಕಲ್ಲಿಗೆ ಗುದ್ದುತ್ತಾನೆ, ಏನೂ ಆಗುವುದಿಲ್ಲ. ಹಾಗಾದರೆ ಇದನ್ನು ಓಡಿಸುವುದು ಅಂಥ ಕಷ್ಟದ ವಿದ್ಯೆಯೇನಲ್ಲ. ತವರಿಗೆ ಟ್ರ್ಯಾಕ್ಟರಿನಲ್ಲಿ ಹೋದದ್ದನ್ನು ಮರೆಯುವ ಜೀವವೂ ಅದಲ್ಲ. ಶಾಲೆಗೆ ರಜೆ ಇದ್ದಾಗ ಶಾಲೆಯ ಮೈದಾನದಲ್ಲಿ ಸುತ್ತು ಹೊಡೆದು ಕಲಿತರು. ಹೊಸ ಶತಮಾನ ಶುರುವಾಗುವ ಹೊತ್ತಿಗೆ ಲೈಸೆನ್ಸು ಕೈಯಲ್ಲಿತ್ತು. ಶಿರಸಿ ಪೇಟೆಯಲ್ಲಿ ಅವರು ಜೀಪನ್ನು ರಿವರ್ಸ್ ತೆಗೆದು ನಿಲ್ಲಿಸುವಾಗ ಅಂಗಡಿಯವರು ಹೊರಗೆ ಬಂದು ನೋಡುತ್ತಿದ್ದರು. ಯಜಮಾನರು ಪಕ್ಕದ ಸೀಟಿನಲ್ಲಿ ಕುಳಿತು ಸಂಚಿ ಹಿಡಿದುಕೊಳ್ಳುತ್ತಿದ್ದರು. ಶರತ್ತು ಮಾತ್ರ ಹಾಗೇ ಇತ್ತು. ಅತ್ತಿಗೆ ಅದನ್ನು ವರ್ಷಕ್ಕೊಮ್ಮೆ, ಹಬ್ಬದ ಹೊತ್ತಿನಲ್ಲಿ, ನೆನಪು ಮಾಡುತ್ತಿದ್ದರು.

ಒಂದು ದಿನ ಇಬ್ಬರೂ ಶಿರಸಿಗೆ ಬಂದಿದ್ದರು. ಜೀಪಿನ ಎಣ್ಣೆ ಬದಲಿಸಬೇಕಿತ್ತು. ಎಣ್ಣೆ ಇಳಿಸುವ ನಟ್ಟು ಗಾರ್ಡಿನ ಹಿಂದೆ ಅಡಗಿತ್ತು. ಆದ್ದರಿಂದ ಪ್ರತಿ ಸಲ ಇಬ್ಬರು ಅಡಿಗೆ ಮಲಗಿ ಆ ಭಾರವನ್ನು ಎದೆಯ ಮೇಲೆ ಇಳಿಸಿಕೊಳ್ಳಬೇಕು. ಈ ಸಲ ಮೇಸ್ತ್ರಿ ಹಟ ಹಿಡಿದ: "ನಟ್ಟಿನ ಎದುರಿಗೆ ಒಂದು ಕಿಂಡಿ ಕೊರೀತೀನ್ರಿ. ಗಾರ್ಡ್ ಬಿಟ್ಟು ಹೋಗ್ರಿ, ನಾಳೆ ಒಯ್ರಿ." ಬಿಟ್ಟರು. ಹೊಸ ಎಣ್ಣೆ ಹಾಕಿಸಿ ಹೊರಟರು. ಊಟಕ್ಕೆ ಬಾ ಎಂದು ನನ್ನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು.

ಅತ್ತಿಗೆ ಚೆನ್ನಾಗಿ ಓಡಿಸಿದರು. ಹೆಗಡೆಕಟ್ಟಾ ದಾಟಿತು. ಕಚ್ಚಾ ರಸ್ತೆ ಬಂತು. ಅವರು ನನ್ನನ್ನು ಉದ್ದೇಶಿಸಿ, ಗಂಡಸರು ಸುಮ್ಮನೆ ಡ್ರೈವಿಂಗನ್ನು ಹೇಗೆ ದೊಡ್ಡದು ಮಾಡುತ್ತಾರೆ ಎಂಬುದನ್ನು ವಿವರಿಸುತ್ತಿದ್ದರು. ಗಾರ್ಡ್ ಇದ್ದ ಅಭ್ಯಾಸ. ಕಲ್ಲಿನ ಚಿಂತೆ ಅವರಿಗೆ ಯಾವತ್ತೂ ಇರಲಿಲ್ಲ. ತಿರುವು ದಾಟಿತು.

ಈ ಸಲ ಠಣ್ ಎನ್ನಲಿಲ್ಲ. ಮಡಕೆ ಒಡೆದಂತೆ, ಢಬ್ ಎಂದಿತು.

ಅತ್ತಿಗೆ ಎಂಜಿನ್ ಆರಿಸಿದರು. ಮೊದಲು ಕನ್ನಡಿಯಲ್ಲಿ ಹಿಂದೆ ನೋಡಿದರು, ಯಾರಾದರೂ ಗುದ್ದಿದರೋ ಎಂದು. ಹಿಂದೆ ನಾನೊಬ್ಬನೇ ಇದ್ದೆ. ಆಮೇಲೆ ಇಳಿದು, ಸೆರಗು ಸಿಕ್ಕಿಸಿ, ಬಗ್ಗಿ ನೋಡಿದರು. ಹೊಸ ಎಣ್ಣೆ ನಿಧಾನವಾಗಿ ರಸ್ತೆಯ ಮೇಲೆ ಹರಿದು, ದಾರಿ ಹುಡುಕುತ್ತ, ಅವರ ಚಪ್ಪಲಿಯ ಕಡೆಗೇ ಬಂತು. ಯಜಮಾನರು ಆಕಾಶವನ್ನು ನೋಡುತ್ತಿದ್ದರು. ನಾನು ನನ್ನ ಮೊಣಕಾಲನ್ನು ನೋಡಿದೆ.

ಅತ್ತಿಗೆ ಚಪ್ಪಲಿ ಹಿಂದಕ್ಕೆ ಸರಿಸಿ ಕೇಳಿದರು: "ಈ ಕಲ್ಲು ರಸ್ತೆ ಮಧ್ಯ ಎಂತಕ್ಕೆ ಇದ್ದು?"

ಕಲ್ಲು ರಸ್ತೆಗಿಂತ ಹಳೆಯದು.

"ಮೊದಲಿಂದ ಇದ್ದು," ಎಂದರು ಯಜಮಾನರು, ಬಹಳ ಮೃದುವಾಗಿ.

"ಮೊದಲಿಂದ ಇದ್ರೆ ತೆಗೆಯುಲಾಗ ಹೇಳಿ ಇದ್ದಾ? ಪಂಚಾಯ್ತಿಯವಕ್ಕೆ ಹೇಳುಲೆ ನಿಂಗಕ್ಕೆ ಬಾಯಿಲ್ಯಾ? ಇಂಥ ರಸ್ತೆಲಿ ಯಾರ್ ಹೊಡದ್ರೂ ಒಡೀತು!"

"ಹೌದು. ಯಾರ್ ಹೊಡದ್ರೂ ಒಡೀತು." ಯಜಮಾನರು ತೀರ್ಪು ಕೇಳುವವರ ದನಿಯಲ್ಲಿ, "ಹಂಗಾದ್ರೆ... ಜೀಪು?" ಎಂದರು.

"ಜೀಪು ಎಂತ? ಜೀಪು ಎಂತ ಮಾಡಿದ್ದು ಪಾಪ? ಒಂದು ಹೊಸಾ ಚೇಂಬರ್ ಹಾಕ್ಸಿ. ಇಷ್ಟಕ್ಕೆಲ್ಲ ಜೀಪು ಮಾರ್ತಾ ಕುಂತ್ರೆ ಆಗ್ತಾ?"

ಹೀಗೆ ಹೇಳಿ, "ಸಾರು ಬಿಸಿ ಮಾಡ್ತೆ, ಬೇಗ ಬನ್ನಿ," ಎಂದು ಅತ್ತಿಗೆ ಮನೆಯ ಕಡೆ ನಡೆದೇ ಬಿಟ್ಟರು. ಅವರು ಮರಗಳ ಆಚೆ ಮರೆಯಾದರು. ಆಮೇಲೆ ನಾನು ಕೇಳಿದೆ.

"ಭಾವ, ನೀನು ಮುಂದೇ ಕೂತಿದ್ದೆ. ಕಲ್ಲು ಕಂಡಿದ್ದಿಲ್ಯಾ?"

"ಕಾಣದೇ ಎಂತ? ಹುಟ್ಟಿದಾಗಿಂದ ನೋಡ್ತಾ ಇದ್ದೆ."

"ಗಾರ್ಡ್ ಇಲ್ಲೆ ಹೇಳದೂ ಗೊತ್ತಿತ್ತು. ಎಡಕ್ಕೆ ತಗ ಹೇಳಿ ಒಂದು ಮಾತು ಹೇಳುಲಾಗಿತ್ತಿಲ್ಯಾ?"

ಯಜಮಾನರು ಜೀಪಿನ ಬಾನೆಟ್ಟನ್ನು ಹಸುವಿನ ಬೆನ್ನು ಸವರಿದಂತೆ ಮೆಲ್ಲಗೆ ಸವರಿದರು.

"ಹೇಳುಲೆ ಬಾಯಿ ತೆಗೆದಿದ್ದೆ ಮಾರಾಯ. ಅಷ್ಟೊತ್ತಿಗೆ, ಈ ಜೀಪು ಉಳಿಸ್ಕಂಬುಲೆ ಇನ್ನು ಇಂಥ ಕಲ್ಲು ಸಿಕ್ತಿಲ್ಲೆ ಹೇಳಿ ಕಂಡತ್ತು."